ಎಳೆತ ಹಿತವಾಗಿದ್ದರೆ ಮಾತ್ರ ಚರ್ಮ ಬೆಳೆಯುತ್ತದೆ

ಹಲ್ಲಿಗೆ ತಂತಿ ಕಟ್ಟಿಸಿಕೊಂಡವರು ದಾವಣಗೆರೆಯಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಬಾಪೂಜಿ ದಂತ ವೈದ್ಯಕೀಯ ಕಾಲೇಜು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎಂದು ಎರಡೆರಡು ದಂತ ಕಾಲೇಜುಗಳಿರುವ ಊರಲ್ಲಿ ಅದು ಸಹಜವೇ. ತಂತಿ ಕಟ್ಟುವ ವಿದ್ಯೆ ಕಲಿಯುವವರಿಗೆ ಮೊದಲು ಮನದಟ್ಟು ಮಾಡಿಸುವ ಸಂಗತಿಯೊಂದಿದೆ. ಹಲ್ಲಿನ ಮೇಲೆ ಹಗುರವಾದ ಬಲ ಬಹಳ ಕಾಲ ಬಿದ್ದರೆ, ಬೇರಿನ ಒಂದು ಬದಿಯ ಮೂಳೆ ಕರಗುತ್ತಾ ಇನ್ನೊಂದು ಬದಿಯಲ್ಲಿ ಹೊಸ ಮೂಳೆ ಕಟ್ಟುತ್ತಾ ಹಲ್ಲು ತಿಂಗಳಿಗೆ ಸುಮಾರು 1 ಮಿಲಿಮೀಟರಿನಂತೆ ಸರಿಯುತ್ತದೆ. ಬೇಗ ಸರಿಯಲಿ ಎಂದು ಬಿಗಿ ಹೆಚ್ಚಿಸಿದರೆ ಬೇರಿನ ಸುತ್ತಲಿನ ಸಣ್ಣ ರಕ್ತನಾಳಗಳು ಹಿಸುಕಿಹೋಗಿ, ಅಲ್ಲಿನ ಜೀವಕೋಶಗಳು ಸತ್ತು, ಹಲ್ಲು ವಾರಗಟ್ಟಲೆ ನಿಂತಲ್ಲೇ ನಿಲ್ಲುತ್ತದೆ. ರೋಗಿಗೆ ನೋವೂ ಹೆಚ್ಚು, ಕೆಲಸವೂ ತಡ. ಜೀವಂತ ಅಂಗಾಂಶವನ್ನು ಎಳೆದು ಬದಲಿಸುವ ಎಲ್ಲ ಚಿಕಿತ್ಸೆಗಳಲ್ಲೂ ಈ ನಿಯಮ ಒಂದಲ್ಲ ಒಂದು ರೂಪದಲ್ಲಿ ಇದೆ.

ಅದೇ ನಿಯಮವನ್ನು ನಾವು ಬಾಯಿಬಿಟ್ಟು ಮಾತಾಡಲು ಹಿಂಜರಿಯುವ ಒಂದು ವಿಷಯಕ್ಕೆ ಹೊಂದಿಸಿ ನೋಡುವುದು ಈ ಬರಹದ ಉದ್ದೇಶ. ಸುನ್ನತಿಯಲ್ಲೋ ಆಸ್ಪತ್ರೆಯ ಶಸ್ತ್ರಚಿಕಿತ್ಸೆಯಲ್ಲೋ ಶಿಶ್ನದ ಮುಂದೊಗಲು ಹೋದ ವಯಸ್ಕ ಪುರುಷರಲ್ಲಿ ಕೆಲವರು, ಉಳಿದಿರುವ ಚರ್ಮವನ್ನು ನಿಧಾನವಾಗಿ ಎಳೆದು ಬೆಳೆಸಿ ಶಿಶ್ನದ ತುದಿ ಮತ್ತೆ ಮುಚ್ಚುವಂತೆ ಮಾಡಿಕೊಳ್ಳಲು ಪ್ರಯತ್ನಿಸುತ್ತಾರೆ. ಅದಕ್ಕೆಂದೇ ತಯಾರಾದ ಸಾಧನಗಳಿವೆ. ಪ್ರಯತ್ನಿಸುವವರ ಕಾರಣಗಳೂ ಬೇರೆಬೇರೆ. ಶಸ್ತ್ರಚಿಕಿತ್ಸೆಯಲ್ಲಿ ಅಗತ್ಯಕ್ಕಿಂತ ಹೆಚ್ಚು ಚರ್ಮ ತೆಗೆದಿದ್ದರೆ ನಿಮಿರಿದಾಗ ಬಿಗಿತ ಮತ್ತು ನೋವು ಇರುತ್ತದೆ. ಕೆಲವರಿಗೆ ಬಟ್ಟೆಯ ಉಜ್ಜುವಿಕೆ ಸಹಿಸಲಾಗದು. ಇನ್ನು ಕೆಲವರಿಗೆ ತಮ್ಮ ದೇಹ ಮೊದಲಿದ್ದಂತೆ ಇರಲಿ ಎಂಬ ಆಸೆ. ಕಾರಣ ಯಾವುದೇ ಇರಲಿ, ಹೀಗೆ ಪ್ರಯತ್ನಿಸುವವರು ಮೊದಲ ತಿಂಗಳಲ್ಲೇ ಮಾಡುವ ತಪ್ಪು ಒಂದೇ: ನೋವಾಗುವಷ್ಟು ಎಳೆದರೆ ಬೇಗ ಬೆಳೆಯುತ್ತದೆ ಎಂದು ನಂಬುವುದು. ಈ ಸಾಧನಗಳ ವಿಷಯದಲ್ಲಿ ಹಿತ ಎನ್ನುವುದು ಇದ್ದರೆ ಒಳ್ಳೆಯದು ಎನ್ನುವ ಹೆಚ್ಚುವರಿ ಅನುಕೂಲವಲ್ಲ, ಕೆಲಸ ನಡೆಯುತ್ತಿದೆಯೇ ಎಂದು ಅಳೆಯಲು ಬಳಸುವವನ ಕೈಯಲ್ಲಿರುವ ಒಂದೇ ಅಳತೆಗೋಲು ಅದು ಎಂಬುದು ನನ್ನ ವಾದ.

ಎಳೆದರೆ ಚರ್ಮ ಬೆಳೆಯುತ್ತದೆ ಎನ್ನುವುದೇ ನಿಜವೇ ಎಂಬ ಪ್ರಶ್ನೆ ಮೊದಲು ಬರಬೇಕು. ಗರ್ಭಿಣಿಯ ಹೊಟ್ಟೆಯ ಚರ್ಮ ತಿಂಗಳುಗಳಲ್ಲಿ ವಿಸ್ತರಿಸುವುದನ್ನು ಎಲ್ಲರೂ ಕಂಡಿದ್ದಾರೆ. ಅದನ್ನು ಚಿಕಿತ್ಸೆಯಾಗಿ ಬಳಸಿದ್ದು ಕಳೆದ ಶತಮಾನದಲ್ಲಿ. 1957ರಲ್ಲಿ ಅಮೆರಿಕದ ಚಾರ್ಲ್ಸ್ ನ್ಯೂಮನ್ ಎಂಬ ಶಸ್ತ್ರವೈದ್ಯರು ಕಿವಿಯ ಮರುನಿರ್ಮಾಣಕ್ಕೆ ಬೇಕಾದ ಚರ್ಮವನ್ನು ಪಡೆಯಲು ಚರ್ಮದ ಅಡಿ ರಬ್ಬರ್ ಬಲೂನಿಟ್ಟು ಸ್ವಲ್ಪಸ್ವಲ್ಪವೇ ಉಬ್ಬಿಸಿದರು. 1970ರ ದಶಕದಲ್ಲಿ ಚೆಡೋಮಿರ್ ರಾಡೊವಾನ್ ಅದನ್ನು ಸಿಲಿಕೋನ್ ಚೀಲದಿಂದ ಮಾಡುವ ವಿಧಾನವಾಗಿ ರೂಢಿಗೆ ತಂದರು. ಸುಟ್ಟ ಗಾಯದ ಕಲೆಗಳನ್ನು ತೆಗೆದು ಪಕ್ಕದ ಒಳ್ಳೆಯ ಚರ್ಮವನ್ನು ಬೆಳೆಸಿ ಮುಚ್ಚುವುದು ಈಗ ಪ್ಲಾಸ್ಟಿಕ್ ಸರ್ಜರಿಯಲ್ಲಿ ದಿನನಿತ್ಯದ ಕೆಲಸ. ಚರ್ಮ ಬರೀ ಹಿಗ್ಗಿ ತೆಳ್ಳಗಾಗುತ್ತದೆಯೋ, ನಿಜಕ್ಕೂ ಹೊಸ ಕೋಶಗಳು ಹುಟ್ಟುತ್ತವೆಯೋ ಎಂಬ ಅನುಮಾನಕ್ಕೆ 2020ರಲ್ಲಿ ಬ್ರಸೆಲ್ಸ್‌ನ ಸೆಡ್ರಿಕ್ ಬ್ಲಾನ್ಪೆನ್ ಅವರ ತಂಡ ‘ನೇಚರ್’ ಪತ್ರಿಕೆಯಲ್ಲಿ ಉತ್ತರ ಕೊಟ್ಟಿತು. ಇಲಿಗಳ ಬೆನ್ನಿನ ಚರ್ಮದಡಿ ತಾನೇ ಉಬ್ಬುವ ಜೆಲ್ ಇಟ್ಟು ನೋಡಿದಾಗ, ಎಳೆತ ಬಿದ್ದ ಕಡೆ ಹೊರಚರ್ಮದ ಮೂಲಕೋಶಗಳು ತಮ್ಮಂಥವೇ ಕೋಶಗಳನ್ನು ಹೆಚ್ಚು ಹುಟ್ಟಿಸತೊಡಗಿದ್ದವು. ಮೂಳೆಯ ವಿಷಯದಲ್ಲಿ ಸೋವಿಯತ್ ವೈದ್ಯ ಇಲಿಜಾರೊವ್ ಕಂಡುಕೊಂಡದ್ದೂ ಇಂಥದ್ದೇ. ಮೂಳೆಯನ್ನು ಎಳೆದು ಬೆಳೆಸಲು ಅವರ ಲೆಕ್ಕ ದಿನಕ್ಕೆ 1 ಮಿಲಿಮೀಟರ್, ಅದೂ ನಾಲ್ಕು ಕಂತಿನಲ್ಲಿ. ಈ ಯಾವ ವಿಧಾನದಲ್ಲೂ ಒಂದೇ ಸಲಕ್ಕೆ ಜಗ್ಗುವ ಮಾತಿಲ್ಲ.

ಮುಂದೊಗಲನ್ನು ಮರಳಿ ಪಡೆಯುವ ಯತ್ನವೂ ಇಂದಿನದಲ್ಲ. ಕ್ರಿಸ್ತಶಕ ಮೊದಲ ಶತಮಾನದ ರೋಮನ್ ಲೇಖಕ ಸೆಲ್ಸಸ್ ತನ್ನ ವೈದ್ಯಗ್ರಂಥದ ಏಳನೆಯ ಭಾಗದಲ್ಲಿ ಇದಕ್ಕಾಗಿ ಶಸ್ತ್ರಚಿಕಿತ್ಸೆಯನ್ನೇ ವಿವರಿಸಿದ್ದಾನೆ. ಶಸ್ತ್ರಚಿಕಿತ್ಸೆಯಿಲ್ಲದೆ, ಎಳೆತದಿಂದಲೇ ಮಾಡುವ ಈಗಿನ ಪದ್ಧತಿ ಅಮೆರಿಕದಲ್ಲಿ 1980ರ ದಶಕದಲ್ಲಿ ರೂಪು ತಳೆಯಿತು. 1989ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವೇಯ್ನ್ ಗ್ರಿಫಿತ್ಸ್ ಮತ್ತು ಗೆಳೆಯರು ಇಂಥ ಪುರುಷರಿಗಾಗಿ ನಾರ್ಮ್ ಎಂಬ ಸಂಘ ಕಟ್ಟಿದರು. 1992ರಲ್ಲಿ ಜಿಮ್ ಬಿಗೆಲೋ ಇದರ ಬಗ್ಗೆ ಪುಸ್ತಕವನ್ನೇ ಬರೆದರು. ಆಗ ಇದ್ದದ್ದು ವೈದ್ಯಕೀಯ ಟೇಪು, ಎಲಾಸ್ಟಿಕ್ ಪಟ್ಟಿ ಮತ್ತು ಸಣ್ಣ ತೂಕಗಳು. ಸಿಲಿಕೋನ್ ಸಾಧನಗಳು ಬಂದದ್ದು ಆಮೇಲೆ.

ಸಾಧನಗಳು ಹಲವು ಬಗೆಯವಾದರೂ ಎಲ್ಲವೂ ಮಾಡಬೇಕಾದ ಕೆಲಸ ಎರಡೇ. ಒಂದು ಚರ್ಮವನ್ನು ಹಿಡಿಯುವುದು, ಇನ್ನೊಂದು ಎಳೆಯುವುದು. ಟೇಪಿನ ಬಗೆಯಲ್ಲಿ ಅಂಟು ಹಿಡಿಯುತ್ತದೆ, ಎಲಾಸ್ಟಿಕ್ ಪಟ್ಟಿ ಎಳೆಯುತ್ತದೆ. ಟೇಪಿಲ್ಲದ ಬಗೆಯಲ್ಲಿ ಗಂಟೆಯಾಕಾರದ ಒಂದು ಸಿಲಿಕೋನ್ ತುಂಡನ್ನು ಶಿಶ್ನದ ತುದಿಯ ಮುಂದಿಟ್ಟು, ಚರ್ಮವನ್ನು ಅದರ ಮೇಲೆ ಏರಿಸಿ, ಇನ್ನೊಂದು ತೊಪ್ಪಿಯಂಥ ತುಂಡಿನಿಂದ ಮೇಲೆ ಅದುಮುತ್ತಾರೆ. ಅದಕ್ಕೆ ಕಟ್ಟಿದ ಪಟ್ಟಿ ಮೊಣಕಾಲಿಗೋ ಸೊಂಟಕ್ಕೋ ಹೆಗಲಿಗೋ ಹೋಗುತ್ತದೆ. ಪಟ್ಟಿಯಿಲ್ಲದೆ, ತುದಿಯನ್ನೇ ಆನಿಸಿಕೊಂಡು ಚರ್ಮವನ್ನು ಮುಂದಕ್ಕೆ ತಳ್ಳುವ ಬಗೆಯೂ ಇದೆ, ಗಾಳಿ ತುಂಬಿ ಉಬ್ಬಿಸುವ ಬಗೆಯೂ ಇದೆ. ಬರೀ ಕೈಯಿಂದ ದಿನಕ್ಕೆ ಕೆಲವು ಸಲ ಮೃದುವಾಗಿ ಎಳೆಯುವವರೂ ಇದ್ದಾರೆ. ಹೊಸಬರಿಗೆ ಅದೇ ಅತ್ಯಂತ ಸುರಕ್ಷಿತ, ಏಕೆಂದರೆ ಎಷ್ಟು ಎಳೆಯುತ್ತಿದ್ದೇವೆ ಎನ್ನುವುದು ಬೆರಳಿಗೂ ಚರ್ಮಕ್ಕೂ ಒಟ್ಟಿಗೆ ಗೊತ್ತಾಗುತ್ತದೆ. ಸಾಧನ ಬಳಸುವವರ ದೊಡ್ಡ ದೂರು ಅದು ಜಾರಿ ಬೀಳುತ್ತದೆ ಎನ್ನುವುದು. ಜಾರಿದ ಕೂಡಲೇ ಮೇಲಿನ ತೊಪ್ಪಿಯನ್ನು ಇನ್ನಷ್ಟು ಬಿಗಿ ಮಾಡುತ್ತಾರೆ. ಇದು ಏಕೆ ತಪ್ಪೆಂದು ಲೇತ್ ಕೆಲಸದವರನ್ನು ಕೇಳಬೇಕು. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿದ್ದರೂ ಅಲ್ಲಿ ಲೇತ್ ಯಂತ್ರಗಳ ಜೊತೆ ಬದುಕು ಕಳೆದವರು ಊರಲ್ಲಿ ಇನ್ನೂ ಇದ್ದಾರೆ. ತೆಳುಗೋಡೆಯ ಕೊಳವೆಯನ್ನು ಲೇತಿನ ಚಕ್‌ಗೆ ಹಾಕಿ ಅತಿಯಾಗಿ ಬಿಗಿದರೆ ಅದರ ದುಂಡುತನವೇ ಕೆಟ್ಟುಹೋಗುತ್ತದೆ, ಹಿಡಿತ ಬರಬೇಕಾದ್ದು ಚಕ್‌ನ ದವಡೆಗಳು ಸರಿಯಾಗಿ ಕೂರುವುದರಿಂದ ಎಂದು ಅವರು ಹೇಳಬಲ್ಲರು. ಇಲ್ಲಿಯೂ ಹಿಡಿತ ಬರಬೇಕಾದ್ದು ಅಳತೆಯಿಂದ, ಒಣ ಚರ್ಮದಿಂದ, ಅಗಲವಾದ ಸಂಪರ್ಕದಿಂದ.

ಜಾರಿದಾಗ ನೋಡಬೇಕಾದ ಕ್ರಮವನ್ನು ಹಾಗಾಗಿ ತಿರುಗಿಸಿಕೊಳ್ಳಬೇಕು. ಮೊದಲು ಎಳೆತವನ್ನು ಕಡಿಮೆ ಮಾಡುವುದು. ಎಷ್ಟೋ ಸಲ ಜಾರುವುದಕ್ಕೆ ಕಾರಣ ಹಿಡಿತ ಸಡಿಲ ಇರುವುದಲ್ಲ, ಪಟ್ಟಿ ಅತಿ ಬಿಗಿಯಾಗಿರುವುದು. ಆಮೇಲೆ ಚರ್ಮವನ್ನೂ ಸಾಧನವನ್ನೂ ಸೌಮ್ಯ ಸೋಪಿನಿಂದ ತೊಳೆದು, ಸೋಪಿನ ಜಿಡ್ಡು ಉಳಿಯದಂತೆ ನೀರು ಹಾಕಿ, ಪೂರ್ತಿ ಒಣಗಿಸುವುದು. ಎಣ್ಣೆ, ಬೆವರು, ಸೋಪಿನ ಪದರ ಈ ಮೂರೂ ಹಿಡಿತದ ಶತ್ರುಗಳು. ಹಿಡಿತದೊಳಗೆ ಸಿಕ್ಕ ಕೂದಲು ಚುಚ್ಚಿದಂತೆ ನೋಯುತ್ತದೆ, ಅದನ್ನು ಕತ್ತರಿಯಿಂದ ಮೋಟು ಮಾಡಿದರೆ ಸಾಕು. ಇಷ್ಟಾಗಿಯೂ ನಿಲ್ಲದಿದ್ದರೆ ಅಳತೆಯನ್ನು ಅನುಮಾನಿಸಬೇಕು. ಒಳತುಂಡು ಚಿಕ್ಕದಾದರೆ ಚರ್ಮ ಮಡಿಕೆಬಿದ್ದು ಚಿವುಟುತ್ತದೆ, ದೊಡ್ಡದಾದರೆ ಚರ್ಮದ ಅಂಚು ಉಂಗುರದಂತೆ ಹಿಗ್ಗಿ ಉರಿಯುತ್ತದೆ. ಉಳಿದಿರುವ ಚರ್ಮ ಬಹಳ ಕಡಿಮೆಯಿದ್ದರೆ ಟೇಪಿಲ್ಲದ ಸಾಧನ ಹಿಡಿಯಲು ಆಧಾರವೇ ಇರುವುದಿಲ್ಲ. ಅಂಥವರು ಮೊದಲ ಕೆಲವು ತಿಂಗಳು ಕೈಯಿಂದಲೇ ಮಾಡುವುದು ಲೇಸು. ಎಳೆತ ಎಷ್ಟಿರಬೇಕು ಎಂದರೆ, ಹಾಕಿಕೊಂಡಾಗ ಗೊತ್ತಾಗಬೇಕು, ಹತ್ತು ನಿಮಿಷದಲ್ಲಿ ಬೇರೆ ಕೆಲಸದಲ್ಲಿ ಮರೆತುಹೋಗಬೇಕು. ಆರಂಭದಲ್ಲಿ ಅರ್ಧ ಗಂಟೆ, ಒಂದು ಗಂಟೆ ಸಾಕು. ತೆಗೆದು ನೋಡಿದಾಗ ಚರ್ಮ ತಿಳಿ ಕೆಂಪಾಗಿದ್ದು ಸ್ವಲ್ಪ ಹೊತ್ತಿನಲ್ಲಿ ಮೊದಲಿನ ಬಣ್ಣಕ್ಕೆ ಬರಬೇಕು. ವಾರಗಳು ಕಳೆದಂತೆ ಹೊತ್ತನ್ನು ಹೆಚ್ಚಿಸಬಹುದು, ಬಲವನ್ನಲ್ಲ. ಹಾಕಿಕೊಂಡಿರುವಾಗ ಒಂದೆರಡು ಗಂಟೆಗೊಮ್ಮೆ ತೆಗೆದು, ಮೂತ್ರ ವಿಸರ್ಜಿಸಿ, ತುದಿಯನ್ನು ಬೆರಳಿನಿಂದ ಒತ್ತಿ ಬಿಡಬೇಕು. ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಿದರೆ ರಕ್ತ ಹರಿಯುತ್ತಿದೆ ಎಂದರ್ಥ. ನೀಲಿ ಬಣ್ಣ, ತಣ್ಣಗಾಗುವುದು, ಜೋಮು, ಊತ ಇವುಗಳಲ್ಲಿ ಒಂದು ಕಂಡರೂ ಆ ಕ್ಷಣವೇ ತೆಗೆಯಬೇಕು. ರಾತ್ರಿ ಹಾಕಿಕೊಂಡು ಮಲಗುವುದು ಹೊಸಬರಿಗೆ ಸಲ್ಲದು. ಆರೋಗ್ಯವಂತ ಪುರುಷನಲ್ಲಿ ನಿದ್ದೆಯಲ್ಲಿ ಮೂರರಿಂದ ಐದು ಸಲ ನಿಮಿರುವಿಕೆ ಸಹಜ. ಎಚ್ಚರದಲ್ಲಿ ಹಿತವಾಗಿದ್ದ ಬಿಗಿತ ಆಗ ಕುಣಿಕೆಯಾಗಬಹುದು, ಅದನ್ನು ಗಮನಿಸಲು ಎಚ್ಚರ ಇರುವುದಿಲ್ಲ.

ನಮ್ಮ ಊರಿನ ಹವೆ ಮತ್ತು ದುಡಿಮೆಗೆ ಹೊಂದಿಸಿ ಇದನ್ನೆಲ್ಲ ಯೋಚಿಸಬೇಕು, ಏಕೆಂದರೆ ಸಾಧನಗಳ ಜೊತೆ ಬರುವ ಸೂಚನೆಗಳು ನಮ್ಮ ಸೆಖೆಯನ್ನು ಗಮನದಲ್ಲಿಟ್ಟು ಬರೆದವಾಗಿರಲಾರವು. ಮಾರ್ಚಿನಿಂದ ಮೇವರೆಗಿನ ದಾವಣಗೆರೆಯ ಬಿಸಿಲಿನಲ್ಲಿ, ಅದರಲ್ಲೂ ಮಂಡಕ್ಕಿ ಭಟ್ಟಿಯ ಕಾವಿನ ಮುಂದೆ ಅಥವಾ ಅಕ್ಕಿ ಗಿರಣಿಯ ದೂಳಿನಲ್ಲಿ ನಿಂತು ದುಡಿಯುವವನಿಗೆ ಟೇಪು ಅರ್ಧ ದಿನವೂ ನಿಲ್ಲದು. ಅದರ ಅಡಿ ಬೆವರು ನಿಂತು ತುರಿಕೆ, ಶಿಲೀಂಧ್ರ ಸೋಂಕು ಬರುವ ಸಾಧ್ಯತೆಯೂ ಹೆಚ್ಚು. ಅಂಥವರು ಕೆಲಸ ಮುಗಿಸಿ ಸ್ನಾನವಾದ ಮೇಲೆ, ಸಡಿಲ ಲುಂಗಿಯಲ್ಲಿ, ಮನೆಯಲ್ಲಿರುವ ಹೊತ್ತನ್ನೇ ಆರಿಸಿಕೊಳ್ಳಬೇಕು. ಟೇಪನ್ನು ಕಿತ್ತು ತೆಗೆಯಬಾರದು. ಉಗುರುಬೆಚ್ಚಗಿನ ನೀರು ಅಥವಾ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ಅಂಟನ್ನು ಬಿಡಿಸಿದರೆ ಚರ್ಮದ ಮೇಲ್ಪದರ ಉಳಿಯುತ್ತದೆ. ದಾವಣಗೆರೆಯಿಂದ ಹರಿಹರದ ಕಾರ್ಖಾನೆಗಳಿಗೆ ದಿನವೂ ಬೈಕಿನಲ್ಲಿ ಓಡಾಡುವವರು ಸವಾರಿಯ ಹೊತ್ತಿನಲ್ಲಿ ಮೊಣಕಾಲಿಗೆ ಕಟ್ಟಿದ ಪಟ್ಟಿಯನ್ನೂ ತೂಕವನ್ನೂ ಬಿಚ್ಚಿಡಬೇಕು. ಗೇರು ಬದಲಿಸುವಾಗ, ಬ್ರೇಕು ಹಾಕುವಾಗ ಕಾಲಿನ ಚಲನೆ ಪಟ್ಟಿಯ ಎಳೆತವನ್ನು ಒಮ್ಮೆಲೇ ಏರಿಸುತ್ತದೆ, ಗುಂಡಿಯಲ್ಲಿ ಇಳಿದಾಗ ತೂಕ ಜಗ್ಗುತ್ತದೆ.

ಇಷ್ಟು ಮೆತ್ತಗೆ ಮಾಡಿದರೆ ಜೀವಮಾನವೇ ಬೇಕಾದೀತು, ಸ್ವಲ್ಪ ನೋವು ಸಹಿಸಿದರೆ ತಪ್ಪೇನು ಎಂದು ಕೇಳುವವರಿದ್ದಾರೆ. ವ್ಯಾಯಾಮಶಾಲೆಯಲ್ಲಿ ಮೈ ನೋಯಿಸಿಕೊಂಡು ಸ್ನಾಯು ಬೆಳೆಸಿದವರಿಗೆ ಈ ನಂಬಿಕೆ ಇನ್ನೂ ಗಟ್ಟಿ. ಚರ್ಮದ ದಾರಿ ಬೇರೆ. ನಮ್ಮ ಲೋಮನಾಳಗಳಲ್ಲಿ ರಕ್ತದ ಒತ್ತಡ ಇರುವುದು ಪಾದರಸದ ಸುಮಾರು 30 ಮಿಲಿಮೀಟರಿನಷ್ಟು. ಹೊರಗಿನ ಒತ್ತಡ ಅದನ್ನು ಮೀರಿ ಬಹಳ ಹೊತ್ತು ನಿಂತರೆ ಆ ಭಾಗಕ್ಕೆ ರಕ್ತ ಹೋಗದು. ಹಾಸಿಗೆ ಹಿಡಿದವರಿಗೆ ಬೆನ್ನಹುಣ್ಣು ಆಗುವುದು ಹೀಗೆಯೇ. ರಕ್ತವಿಲ್ಲದೆ ಕೋಶ ವಿಭಜನೆಯಿಲ್ಲ, ವಿಭಜನೆಯಿಲ್ಲದೆ ಬೆಳವಣಿಗೆಯಿಲ್ಲ. ಇನ್ನು ಜಗ್ಗಿ ಹರಿದ ಚರ್ಮ ಮಾಯುವಾಗ ಅಲ್ಲಿ ಗಾಯದ ಕಲೆ ಕಟ್ಟುತ್ತದೆ. ಕಲೆಯ ಅಂಗಾಂಶ ಕುಗ್ಗುವ ಗುಣದ್ದು, ಹಿಗ್ಗುವ ಗುಣದ್ದಲ್ಲ. ಅಂದರೆ ನೋಯಿಸಿಕೊಂಡವನು ತನ್ನ ದಾರಿಗೆ ತಾನೇ ಅಡ್ಡಗೋಡೆ ಕಟ್ಟಿಕೊಳ್ಳುತ್ತಾನೆ. ನೀರುಗುಳ್ಳೆ, ಬಿರುಕು, ರಕ್ತದ ಚುಕ್ಕೆ ಕಂಡರೆ ಅದು ಪೂರ್ತಿ ಮಾಯುವವರೆಗೆ ಎಲ್ಲವನ್ನೂ ನಿಲ್ಲಿಸಬೇಕು. ಹಾಗೆ ನಿಲ್ಲಿಸಿದ ವಾರಗಳನ್ನು ಲೆಕ್ಕ ಹಾಕಿದರೆ ಆತುರದವನಿಗಿಂತ ಮೆತ್ತಗೆ ಹೋದವನೇ ಮುಂದಿರುತ್ತಾನೆ. ಹೇಗೇ ಹೋದರೂ ಇದು ವರ್ಷಗಳ ಕೆಲಸ. ಮಾಡಿಕೊಂಡವರು ಹೇಳುವುದು ಎರಡರಿಂದ ಐದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು. ತಿಂಗಳುಗಳಲ್ಲಿ ಫಲ ಸಿಗುತ್ತದೆ ಎಂದು ಹೇಳಿ ಮಾರುವವರನ್ನು ನಂಬಬಾರದು.

ಬಲವಂತದ ಎಳೆತ ಏನು ಮಾಡುತ್ತದೆ ಎನ್ನುವುದಕ್ಕೆ ನಮ್ಮ ಮನೆಗಳಲ್ಲೇ ಸಾಕ್ಷಿಯಿದೆ, ಮತ್ತು ಸಂಖ್ಯೆಯ ದೃಷ್ಟಿಯಿಂದ ಸಾಧನಗಳಿಗಿಂತ ಬಹಳ ದೊಡ್ಡ ವಿಷಯ ಅದು. ಗಂಡುಮಗುವಿನ ಮುಂದೊಗಲು ಹಿಂದೆ ಸರಿಯದಿದ್ದರೆ ಅದು ರೋಗವೆಂದು ಹೆದರಿ ಹಿಂದಕ್ಕೆ ತಳ್ಳುವ ರೂಢಿ ಎಷ್ಟೋ ಕಡೆ ಇದೆ. ಹುಟ್ಟಿದಾಗ ಮುಂದೊಗಲು ತುದಿಗೆ ಅಂಟಿಕೊಂಡೇ ಇರುತ್ತದೆ ಎಂದು ಬ್ರಿಟಿಷ್ ವೈದ್ಯ ಡಗ್ಲಸ್ ಗೇರ್ಡ್‌ನರ್ 1949ರಲ್ಲೇ ತೋರಿಸಿದ್ದರು. 1968ರಲ್ಲಿ ಡೆನ್ಮಾರ್ಕಿನ ಯಾಕೋಬ್ ಓಸ್ಟರ್ ಶಾಲಾ ಬಾಲಕರ ಆರೋಗ್ಯ ತಪಾಸಣೆಯ ದಾಖಲೆಗಳಿಂದ, ಆರೇಳನೇ ವಯಸ್ಸಿನಲ್ಲಿ ಶೇ 8ರಷ್ಟಿದ್ದ ಬಿಗಿತ ಹದಿನಾರು ಹದಿನೇಳರ ಹೊತ್ತಿಗೆ ಯಾವ ಚಿಕಿತ್ಸೆಯೂ ಇಲ್ಲದೆ ಶೇ 1ಕ್ಕೆ ಇಳಿಯುತ್ತದೆ ಎಂದು ವರದಿ ಮಾಡಿದರು. ಬಲವಂತವಾಗಿ ತಳ್ಳಿದಾಗ ಚರ್ಮ ಹರಿದು, ಮಾಯುವಾಗ ಕಲೆ ಕಟ್ಟಿ, ಇಲ್ಲದಿದ್ದ ಫೈಮೋಸಿಸ್, ಅಂದರೆ ಮುಂದೊಗಲು ಸರಿಯದಂಥ ಬಿಗಿತ, ನಿಜವಾಗಿಯೇ ಬರಬಹುದು. ಆಮೇಲೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ನಿಜವಾದ ಬಿಗಿತ ಇರುವವರಲ್ಲೂ ಬಹುಮಂದಿಗೆ ವೈದ್ಯರು ಬರೆದುಕೊಡುವ ಬೀಟಾಮೆಥಾಸೋನ್‌ನಂಥ ಸ್ಟೆರಾಯ್ಡ್ ಮುಲಾಮನ್ನು ನಾಲ್ಕರಿಂದ ಎಂಟು ವಾರ ತೆಳ್ಳಗೆ ಹಚ್ಚಿ, ನೋವಾಗದಷ್ಟು ಮಾತ್ರ ಸರಿಸುತ್ತಾ ಹೋದರೆ ಸಡಿಲವಾಗುತ್ತದೆ. ಆಪರೇಷನ್ ಬೇಕು ಎನ್ನಿಸಿಕೊಂಡವರು ಮೊದಲು ಮುಲಾಮಿನಿಂದ ಆಗಬಹುದೇ ಎಂದು ವಿಚಾರಿಸುವುದು ಅವರ ಹಕ್ಕು. ಮುಂದೊಗಲು ಬೆಳೆಸುವ ಸಾಧನಗಳಾದರೋ ಮಕ್ಕಳಿಗೆ, ಹದಿಹರೆಯದವರಿಗೆ ಯಾವ ಕಾರಣಕ್ಕೂ ಅಲ್ಲ.

ಇದಕ್ಕೆಲ್ಲ ಆಸ್ಪತ್ರೆಯಲ್ಲಿ ಪರೀಕ್ಷಿಸಿದ ಪುರಾವೆ ಎಲ್ಲಿದೆ ಎನ್ನುವುದು ನನ್ನ ಮಟ್ಟಿಗೆ ಅತ್ಯಂತ ಗಟ್ಟಿಯಾದ ಆಕ್ಷೇಪ, ಅದಕ್ಕೆ ಸುತ್ತಿಬಳಸದೆ ಉತ್ತರ ಕೊಡಬೇಕು. ಎಳೆತಕ್ಕೆ ಚರ್ಮ ಬೆಳೆಯುತ್ತದೆ ಎನ್ನುವುದು ಸಿದ್ಧವಾದ ವಿಷಯ. ಸಾಧನಗಳಿಂದ ಶಿಶ್ನದ ಚರ್ಮ ಬೆಳೆದು ತುದಿ ಮುಚ್ಚಿಕೊಂಡಿತು ಎನ್ನುವುದಕ್ಕೆ ಇರುವುದು ಬಳಸಿದವರ ಹೇಳಿಕೆಗಳು, ಅವರೇ ಉತ್ತರಿಸಿದ ಸಮೀಕ್ಷೆಗಳು. ಅಂಥ ಸಮೀಕ್ಷೆಗಳಿಗೆ ಉತ್ತರಿಸುವವರಲ್ಲಿ ಫಲ ಕಂಡವರೇ ಹೆಚ್ಚಿರುವುದು ಸ್ವಾಭಾವಿಕ, ಸೋತು ಬಿಟ್ಟವರು ಅಲ್ಲಿ ಕಾಣಿಸುವುದು ಕಡಿಮೆ. ಒಂದು ಗುಂಪಿಗೆ ಸಾಧನ ಕೊಟ್ಟು ಇನ್ನೊಂದಕ್ಕೆ ಕೊಡದೆ ಹೋಲಿಸುವ ರೀತಿಯ ಪ್ರಯೋಗದ ಬಲ ಈ ಹೇಳಿಕೆಗಳಿಗಿಲ್ಲ. ಕಳೆದುಹೋದದ್ದೆಲ್ಲ ಮರಳುವುದೂ ಇಲ್ಲ. 1996ರಲ್ಲಿ ಕೆನಡಾದ ಜಾನ್ ಟೇಲರ್ ಮುಂದೊಗಲಿನ ಒಳಬದಿಯಲ್ಲಿ ಸ್ಪರ್ಶದ ನರತುದಿಗಳು ದಟ್ಟವಾಗಿರುವ ಸುಕ್ಕಿನ ಪಟ್ಟಿಯೊಂದನ್ನು ವಿವರಿಸಿದರು. ಕತ್ತರಿಸಿ ತೆಗೆದ ಆ ಭಾಗವನ್ನು ಯಾವ ಎಳೆತವೂ ಹುಟ್ಟಿಸಲಾರದು. ಸಿಗುವುದು ಹೊದಿಕೆ, ಚರ್ಮದ ಸಡಿಲ ಚಲನೆ, ತುದಿಗೆ ಬಟ್ಟೆಯ ಉಜ್ಜುವಿಕೆಯಿಂದ ರಕ್ಷಣೆ. ಸಂವೇದನೆ ಹೆಚ್ಚಿತು ಎಂದು ಹಲವರು ಹೇಳುತ್ತಾರೆ, ಆದರೆ ಸುನ್ನತಿಯಿಂದ ಸಂವೇದನೆ ಕಡಿಮೆಯಾಗುತ್ತದೆಯೇ ಎಂಬ ಮೂಲಪ್ರಶ್ನೆಯಲ್ಲೇ ಅಧ್ಯಯನಗಳು ಒಮ್ಮತಕ್ಕೆ ಬಂದಿಲ್ಲ. ಪುರಾವೆ ಇಷ್ಟು ತೆಳ್ಳಗಿರುವಾಗ ಅಪಾಯವೂ ಅಷ್ಟೇ ತೆಳ್ಳಗಿರಬೇಕು. ನೋವಿಲ್ಲದ, ಯಾವ ಕ್ಷಣದಲ್ಲಾದರೂ ತೆಗೆದಿಡಬಹುದಾದ ಪ್ರಯತ್ನವನ್ನು ವಯಸ್ಕನೊಬ್ಬ ಮಾಡಿ ನೋಡಬಹುದು. ನೋವಿನ, ಗಾಯದ ಬೆಲೆ ತೆತ್ತು ಮಾಡುವಷ್ಟು ಖಾತ್ರಿ ಇಲ್ಲಿ ಇಲ್ಲ.

ಇನ್ನೊಂದು ಆಕ್ಷೇಪ ನಂಬಿಕೆಯದು. ದಾವಣಗೆರೆ, ಹರಿಹರಗಳಲ್ಲಿ ದೊಡ್ಡ ಸಂಖ್ಯೆಯಲ್ಲಿರುವ ಮುಸ್ಲಿಂ ಕುಟುಂಬಗಳಿಗೆ ಸುನ್ನತಿ ಪ್ರವಾದಿಯ ದಾರಿ, ಮನೆಮಂದಿ ಸೇರಿ ಸಂಭ್ರಮಿಸುವ ಸಂದರ್ಭ. ಇಂಥ ಬರಹ ಅದನ್ನು ತಪ್ಪೆಂದು ಹೇಳಿದಂತಾಗುವುದಿಲ್ಲವೇ? ಹಾಗೆ ಹೇಳುವುದು ನನ್ನ ಉದ್ದೇಶವೂ ಅಲ್ಲ, ವೈದ್ಯಕೀಯ ಆಧಾರವೂ ಅದಕ್ಕಿಲ್ಲ. ಸುನ್ನತಿಯಾದ ಬಹುಪಾಲು ಪುರುಷರಿಗೆ ಯಾವ ದೂರೂ ಇಲ್ಲ. ದಕ್ಷಿಣ ಆಫ್ರಿಕಾ, ಕೀನ್ಯಾ, ಉಗಾಂಡಗಳಲ್ಲಿ ನಡೆದ ಮೂರು ದೊಡ್ಡ ಪ್ರಯೋಗಗಳು ಹೆಣ್ಣಿನಿಂದ ಗಂಡಿಗೆ ಎಚ್‌ಐವಿ ಹರಡುವ ಸಾಧ್ಯತೆ ಸುನ್ನತಿಯಿಂದ ಅರ್ಧಕ್ಕಿಂತ ಕೆಳಗಿಳಿಯುತ್ತದೆ ಎಂದು ತೋರಿಸಿದ ಮೇಲೆ 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೋಂಕು ಹೆಚ್ಚಿರುವ ಆಫ್ರಿಕಾದ ದೇಶಗಳಿಗೆ ಅದನ್ನು ಶಿಫಾರಸು ಮಾಡಿದ್ದೂ ಸತ್ಯ. ಚರ್ಮ ಬೆಳೆಸಲು ಹೊರಟವರು ಒಂದೇ ಧರ್ಮದವರೂ ಅಲ್ಲ. ಫೈಮೋಸಿಸ್‌ಗೆ, ಪದೇ ಪದೇ ಬರುವ ಸೋಂಕಿಗೆ ಆಪರೇಷನ್ ಆದವರು ಎಲ್ಲ ಸಮುದಾಯಗಳಲ್ಲಿದ್ದಾರೆ. ತನ್ನ ಮೈಯ ಚರ್ಮದ ಬಗ್ಗೆ ವಯಸ್ಕನೊಬ್ಬ ತೆಗೆದುಕೊಳ್ಳುವ ತೀರ್ಮಾನ ಇನ್ನೊಬ್ಬರ ಶ್ರದ್ಧೆಯ ಮೇಲಿನ ಟೀಕೆಯಾಗಬೇಕಿಲ್ಲ.

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇದು ಬೇಕಿತ್ತೇ ಎನ್ನುವವರಿಗೆ ಲೇಖಕಿ ಡಾ. ಅನುಪಮಾ ನಿರಂಜನ ಅವರನ್ನು ನೆನಪಿಸಬೇಕು. ‘ದಾಂಪತ್ಯ ದೀಪಿಕೆ’, ‘ವಧುವಿಗೆ ಕಿವಿಮಾತು’ಗಳಲ್ಲಿ ಅವರು ದೇಹದ ಬಗ್ಗೆ ಸಂಕೋಚವಿಲ್ಲದ, ಸಭ್ಯವಾದ ಕನ್ನಡವೊಂದನ್ನು ಕೊಟ್ಟುಹೋದರು. ಹೆಣ್ಣಿನ ದೇಹದ ಬಗ್ಗೆ ಆ ಕನ್ನಡ ಬೆಳೆದಷ್ಟು ಗಂಡಿನ ದೇಹದ ಬಗ್ಗೆ ಬೆಳೆಯಲಿಲ್ಲ. ಆ ಮೌನದ ಲಾಭ ಪಡೆದವರು ಬಸ್ ನಿಲ್ದಾಣದ ಗೋಡೆಗಳಲ್ಲಿ ಗುಪ್ತರೋಗಕ್ಕೆ ಖಚಿತ ಪರಿಹಾರ ಎಂದು ಚೀಟಿ ಅಂಟಿಸುವವರು. ಲೈಂಗಿಕ ಸಾಮರ್ಥ್ಯ ಹೆಚ್ಚಿಸುವುದಾಗಿ ಔಷಧದ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿ ಎಪ್ಪತ್ತು ವರ್ಷ ಕಳೆದಿದೆ, ಚೀಟಿಗಳು ಹೋಗಿಲ್ಲ. ಮೌನದ ಇನ್ನೊಂದು ಫಲ ಮನೆಯಲ್ಲೇ ಕೈಗೆ ಸಿಕ್ಕಿದ್ದರಿಂದ ಸಾಧನ ಮಾಡಿಕೊಳ್ಳುವುದು. ರಬ್ಬರ್ ಬ್ಯಾಂಡು, ಲೋಹದ ಉಂಗುರ, ಪೈಪಿನ ತುಂಡು, ನಟ್ಟು ಶಿಶ್ನಕ್ಕೆ ಸಿಕ್ಕಿಹಾಕಿಕೊಂಡು, ಊದಿ, ಕತ್ತರಿಸುವ ಯಂತ್ರ ತಂದು ಬಿಡಿಸಬೇಕಾದ ಪ್ರಕರಣಗಳು ಭಾರತದ ವೈದ್ಯಕೀಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ವರದಿಯಾಗಿವೆ. ತಡವಾದರೆ ಅಂಗವೇ ಕೊಳೆಯುತ್ತದೆ. ಹಿಗ್ಗದ, ಬಿಚ್ಚಲು ಬಾರದ ಯಾವ ವಸ್ತುವನ್ನೂ ಸುತ್ತ ಹಾಕಬಾರದು ಎಂಬ ಒಂದು ಮಾತನ್ನು ಯಾರಾದರೂ ಮೊದಲೇ ಹೇಳಿದ್ದರೆ ಇವುಗಳಲ್ಲಿ ಹಲವನ್ನು ತಪ್ಪಿಸಬಹುದಿತ್ತು.

ಹಿತವೇ ಅಳತೆಗೋಲು ಎಂದ ಮೇಲೆ, ಆ ಅಳತೆಗೋಲು ಕೆಟ್ಟವರ ಬಗ್ಗೆಯೂ ಹೇಳಬೇಕು. ಸಕ್ಕರೆ ಕಾಯಿಲೆ ಹಳೆಯದಾಗಿ ನರಗಳ ಸ್ಪರ್ಶಜ್ಞಾನ ಕುಂದಿದವರಿಗೆ ಬಿಗಿ ಹೆಚ್ಚಾದದ್ದೇ ತಿಳಿಯುವುದಿಲ್ಲ, ಆದ ಗಾಯ ಬೇಗ ಮಾಯುವುದೂ ಇಲ್ಲ. ಅವರು ಸಾಧನಗಳಿಂದ ದೂರವಿರುವುದು ಒಳ್ಳೆಯದು. ರಕ್ತ ತೆಳ್ಳಗಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಸೋಂಕು ಇರುವವರು, ಚರ್ಮದಲ್ಲಿ ಬಿಳಿ ಗಟ್ಟಿ ಮಚ್ಚೆ ಕಾಣಿಸಿಕೊಂಡವರು, ಇತ್ತೀಚೆಗೆ ಆಪರೇಷನ್ ಆದವರು ವೈದ್ಯರನ್ನು ಕೇಳದೆ ಮುಟ್ಟಬಾರದು. ನಡುವಯಸ್ಸಿನಲ್ಲಿ, ಇಲ್ಲಿಯವರೆಗೆ ಸಡಿಲವಾಗಿದ್ದ ಮುಂದೊಗಲು ಒಮ್ಮೆಲೇ ಬಿಗಿಯಾಗಿ ಬಿರುಕು ಬಿಡತೊಡಗಿದರೆ ಮೊದಲು ಮಾಡಿಸಬೇಕಾದ್ದು ರಕ್ತದ ಸಕ್ಕರೆ ಪರೀಕ್ಷೆ. ಎಷ್ಟೋ ಮಂದಿಗೆ ತಮಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಗುವುದೇ ಹೀಗೆ. ಪರೀಕ್ಷೆಗೂ ಸಲಹೆಗೂ ದೂರ ಹೋಗಬೇಕಿಲ್ಲ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ, 1965ರಲ್ಲಿ ಆರಂಭವಾದ ಜೆಜೆಎಂ ವೈದ್ಯಕೀಯ ಕಾಲೇಜಿಗೆ ಸೇರಿದ ಬಾಪೂಜಿ ಆಸ್ಪತ್ರೆಗಳಲ್ಲಿ ಚರ್ಮರೋಗದ, ಶಸ್ತ್ರಚಿಕಿತ್ಸೆಯ ವೈದ್ಯರಿದ್ದಾರೆ. ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳು ಜನನಾಂಗದ ಸೋಂಕುಗಳನ್ನು ಗುಟ್ಟು ಕಾಪಾಡಿ ನೋಡಲೆಂದೇ ಇವೆ. ವೈದ್ಯರ ಮುಂದೆ ಕೂತಾಗ ಏನು ಹಾಕಿಕೊಂಡಿದ್ದೆ, ಎಷ್ಟು ಹೊತ್ತು, ಎಷ್ಟು ದಿನದಿಂದ ಎಂದು ನೇರವಾಗಿ ಹೇಳಬೇಕು. ಕೇಳಿಸಿಕೊಳ್ಳುವ ವೈದ್ಯರೂ ನಗದೆ, ಬೈಯದೆ ಬರೆದುಕೊಳ್ಳಬೇಕು, ಬೈಗುಳ ತಿಂದವನು ಮುಂದಿನ ಸಲ ಊತ ಬಂದರೂ ಬಾಗಿಲಿಗೆ ಬರುವುದಿಲ್ಲ. ಸಾಧನ ತೆಗೆದ ಮೇಲೂ ನೀಲಿ ಬಣ್ಣ ಅಥವಾ ಜೋಮು ಇಳಿಯದಿದ್ದರೆ, ಸರಿಸಿದ ಚರ್ಮ ತುದಿಯ ಹಿಂದೆ ಸಿಕ್ಕಿಕೊಂಡು ಊದಿ ಮುಂದೆ ಬಾರದಿದ್ದರೆ, ಮೂತ್ರ ಹೋಗದಿದ್ದರೆ, ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಬೇಕು.